ಅಗೆಯುವ ಮೊದಲು ಕೇಳಬೇಕಾದ ಮಾತು

(ಸಾರ್ವಜನಿಕ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟುಹೋದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಕೊನೆಯಲ್ಲಿವೆ.)

ಮೊದಲೇ ಹೇಳಿಬಿಡುತ್ತೇನೆ: ಕಲ್ಲಿದ್ದಲು, ಪೆಟ್ರೋಲು ಉರಿಸುವುದನ್ನು ನಾವು ಬಿಡಲೇಬೇಕು, ಅದೂ ಬೇಗ ಬಿಡಬೇಕು. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಮಳೆ ಕೈಕೊಟ್ಟಾಗ, ಕಡಲು ಏರಿದಾಗ, ಬಿಸಿಗಾಳಿ ಬೀಸಿದಾಗ ಮೊದಲು ನಲುಗುವವರು ಬಡವರೇ. ಆದ್ದರಿಂದ ಸೌರ ಫಲಕ, ಗಾಳಿಯಂತ್ರ, ಬ್ಯಾಟರಿಗಳ ವಿರುದ್ಧ ನಾನು ಮಾತಾಡುತ್ತಿಲ್ಲ. ಅವುಗಳ ಒಳಗಿನ ಲೋಹ ಯಾರ ನೆಲದಿಂದ ಬಂತು, ತೆಗೆಯುವ ಮೊದಲು ಆ ಊರಿನವರನ್ನು ಯಾರಾದರೂ ಕೇಳಿದರೇ, ಅವರು ಬೇಡವೆಂದಿದ್ದರೆ ಏನಾಗುತ್ತಿತ್ತು? ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಲೋಹ ಬೇಕಾಗುವುದಂತೂ ನಿಜ. ವಿದ್ಯುತ್ ಕಾರಿಗೆ ಪೆಟ್ರೋಲ್ ಕಾರಿಗಿಂತ ಆರು ಪಟ್ಟು ಖನಿಜ ಬೇಕು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲಿ ಲೆಕ್ಕ ಕೊಟ್ಟಿತು. ಉಕ್ಕು, ಅಲ್ಯೂಮಿನಿಯಂ ಆ ಲೆಕ್ಕದಲ್ಲಿಲ್ಲ. ನೆಲದ ಮೇಲಿನ ಪವನ ವಿದ್ಯುತ್ ಸ್ಥಾವರಕ್ಕೆ ಅಷ್ಟೇ ಸಾಮರ್ಥ್ಯದ ಗ್ಯಾಸ್ ಸ್ಥಾವರಕ್ಕಿಂತ ಒಂಬತ್ತು ಪಟ್ಟು ಬೇಕು. ಲಿಥಿಯಂ, ಕೋಬಾಲ್ಟ್, ನಿಕಲ್, ತಾಮ್ರ, ಗ್ರಾಫೈಟ್, ಅಯಸ್ಕಾಂತಕ್ಕೆ ಬೇಕಾದ ಅಪರೂಪದ ಧಾತುಗಳು, ಹೀಗೆ ಪಟ್ಟಿ ಉದ್ದವಿದೆ. ಹಾಗೆಂದು ಗಾಬರಿಪಡಬೇಕಿಲ್ಲ. ಜಗತ್ತು ಇವತ್ತು ವರ್ಷಕ್ಕೆ 800 ಕೋಟಿ ಟನ್‌ಗೂ ಹೆಚ್ಚು ಕಲ್ಲಿದ್ದಲನ್ನು ಅಗೆದು ಸುಡುತ್ತಿದೆ, ಸುಟ್ಟಿದ್ದು ಮರಳಿ ಬರುವುದಿಲ್ಲ. ತಾಮ್ರವನ್ನೂ ನಿಕಲ್ಲನ್ನೂ ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಒಟ್ಟು ಅಗೆತದ ಲೆಕ್ಕದಲ್ಲಿ ಹೊಸ ಇಂಧನವೇ ಮೇಲು.

ಆದರೆ ಒಟ್ಟು ಲೆಕ್ಕದೊಳಗೆ ಯಾರೂ ಮನೆ ಕಟ್ಟಿಕೊಂಡು ಬದುಕುವುದಿಲ್ಲ. ಈ ಇಂಧನ ಬದಲಾವಣೆಗೆ ಬೇಕಾದ 30 ಖನಿಜಗಳ 5,097 ಗಣಿ ಯೋಜನೆಗಳನ್ನು ಸಂಶೋಧಕರು ಭೂಪಟದ ಮೇಲೆ ಗುರುತಿಸಿ, ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಶೇ. 54ರಷ್ಟು ಯೋಜನೆಗಳು ಮೂಲನಿವಾಸಿಗಳ ನೆಲದ ಮೇಲೆ ಅಥವಾ ಅದರ ಪಕ್ಕದಲ್ಲಿವೆ. ಹವಾಮಾನ ಕೆಡಿಸಿದ್ದರಲ್ಲಿ ಈ ಜನರ ಪಾಲು ಹೆಚ್ಚುಕಡಿಮೆ ಸೊನ್ನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಒಂದು ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಿಲಿಯ ಉತ್ತರದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿ ಅಟಕಾಮ ಎಂಬ ಉಪ್ಪಿನ ಬಯಲಿದೆ. ಭೂಮಿಯ ಮೇಲಿನ ಅತಿ ಒಣ ಪ್ರದೇಶಗಳಲ್ಲಿ ಅದೂ ಒಂದು. ಅಲ್ಲಿ ಸುರಂಗವಿಲ್ಲ, ಬಂಡೆ ಸಿಡಿಸುವ ಸದ್ದೂ ಇಲ್ಲ. ನೆಲದಡಿಯ ಗಾಢ ಉಪ್ಪುನೀರನ್ನು ಪಂಪಿನಿಂದ ಮೇಲೆತ್ತಿ ಅಗಲವಾದ ಕೊಳಗಳಿಗೆ ಬಿಡುತ್ತಾರೆ. ಬಿಸಿಲಿಗೆ ನೀರು ಆರುತ್ತದೆ. ಒಂದು ಕೊಳದಿಂದ ಇನ್ನೊಂದಕ್ಕೆ ಹಾಯಿಸುತ್ತ, ವರ್ಷಕ್ಕೂ ಹೆಚ್ಚು ಕಾಲ ಆರಿಸುತ್ತ ಹೋದಂತೆ ಲಿಥಿಯಂ ದಟ್ಟವಾಗುತ್ತದೆ. ನೋಡಲು ಇದಕ್ಕಿಂತ ಶುದ್ಧವಾದ ಗಣಿ ಇಲ್ಲ, ಎಲ್ಲ ಕೆಲಸವನ್ನೂ ಸೂರ್ಯನೇ ಮಾಡುತ್ತಾನೆ ಎನಿಸಬಹುದು.

ಎತ್ತಿದ ನೀರಿನ ಬಹುಪಾಲು ಮಾತ್ರ ಆವಿಯಾಗಿ ಹೋಗುತ್ತದೆ, ನೆಲಕ್ಕೆ ಮರಳುವುದಿಲ್ಲ. ಇದು ಕುಡಿಯುವ ನೀರಲ್ಲ, ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪು, ಇದರಿಂದ ಯಾರ ದಾಹವೂ ತೀರುತ್ತಿರಲಿಲ್ಲ ಎಂದು ಕಂಪನಿಗಳು ಹೇಳುತ್ತವೆ. ಆ ಮಾತು ಸುಳ್ಳಲ್ಲ, ಆದರೆ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಆಂಡಿಸ್ ಬೆಟ್ಟಗಳ ಮೇಲೆ ಬಿದ್ದ ಮಳೆ, ಹಿಮ ನೆಲದೊಳಗೆ ಇಳಿದು ನಿಧಾನವಾಗಿ ಬಯಲಿನತ್ತ ಹರಿದು ಬರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಬಯಲಿನ ಅಂಚಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ನಿಂತು, ಹೊಂಡಗಳಾಗಿ ಮೇಲಕ್ಕೆ ಬರುತ್ತದೆ. ಫ್ಲೆಮಿಂಗೊ ಹಕ್ಕಿಗಳು ಮೇಯುವುದು ಆ ಹೊಂಡಗಳಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಲಿಕಾನಾಂತಾಯ್ (ಅಟಕಾಮ) ಜನರ ತೋಟ, ಕುರಿ, ಲಾಮಾಗಳೂ ಇದೇ ಅಂಚಿನ ನೀರನ್ನು ನಂಬಿಕೊಂಡಿವೆ. ನಡುವಿನಿಂದ ಉಪ್ಪುನೀರು ಎಳೆದರೆ ಅಂಚಿನ ಸಿಹಿನೀರು ಎಷ್ಟು ಸರಿಯುತ್ತದೆ, ಯಾವಾಗ ಸರಿಯುತ್ತದೆ? ಉತ್ತರ ಗೊತ್ತಾಗಲು ದಶಕಗಳು ಬೇಕು, ಏಕೆಂದರೆ ನೆಲದಡಿಯ ನೀರು ಅಷ್ಟು ನಿಧಾನ. ಅಲ್ಲಿ ಲಿಥಿಯಂ ತೆಗೆಯಲು ಶುರುಮಾಡಿದ್ದು 1984ರಲ್ಲಿ. ಲಿಥಿಯಂ ಕೊಳಗಳಿರುವ ಭಾಗದಲ್ಲಿ ನೆಲ ವರ್ಷಕ್ಕೆ 1ರಿಂದ 2 ಸೆಂಟಿಮೀಟರ್ ಕುಸಿಯುತ್ತಿದೆ ಎಂಬುದು ಉಪಗ್ರಹದ ಅಳತೆಯಿಂದ ತಿಳಿದು, ಆ ಅಧ್ಯಯನ ಪ್ರಕಟವಾಗಿದ್ದು 2024ರಲ್ಲಿ.

ಅಲ್ಲಿ ಅಲ್ಗರೋಬೊ ಎಂಬ ಮರವಿದೆ. ಬನ್ನಿ ಮರದ ಹತ್ತಿರದ ಸಂಬಂಧಿ, ಬೇರನ್ನು ಆಳಕ್ಕೆ ಇಳಿಸಿ ಮರುಭೂಮಿಯಲ್ಲೂ ಬದುಕುವ ಗಟ್ಟಿ ಜಾತಿ. ಕಂಪನಿಯೊಂದರ ಬಾವಿಯ ಸುತ್ತಲಿನ ಇಂಥ ಮರಗಳಲ್ಲಿ ಮೂರನೇ ಒಂದು ಪಾಲು ಒಣಗುತ್ತಿದ್ದುದು 2013ರಲ್ಲೇ ಕಂಡಿತ್ತು. ಚಿಲಿಯ ಪರಿಸರ ನಿಯಂತ್ರಣ ಸಂಸ್ಥೆ 2016ರಲ್ಲಿ ಆ ಕಂಪನಿಯ ಮೇಲೆ ಆರೋಪ ದಾಖಲಿಸಿದಾಗ, ಅನುಮತಿಗಿಂತ ಹೆಚ್ಚು ಉಪ್ಪುನೀರು ಎತ್ತಿದ್ದರ ಜೊತೆಗೆ ಈ ಮರಗಳ ವಿಷಯವೂ ಅದರಲ್ಲಿತ್ತು. ನನ್ನನ್ನು ಕಾಡುವುದು ಆ ನಡುವಿನ ವರ್ಷಗಳು. ಮರ ಒಣಗುವುದು ಮೊದಲು ಕಾಣುವುದು ಅಲ್ಲಿ ಮೇಕೆ ಮೇಯಿಸುವವರಿಗೆ. ಆದರೆ ನೀರಿನ ಮಟ್ಟ ಅಳೆಯುವ ಕೊಳವೆ ಅವರ ಕೈಯಲ್ಲಿಲ್ಲ, ದಾಖಲೆ ಅವರ ಹತ್ತಿರವಿಲ್ಲ. ನೀರು ಇಳಿದಿದೆ ಎಂದು ಅವರು ಹೇಳಿದರೆ ಪುರಾವೆ ಕೇಳುತ್ತಾರೆ, ಪುರಾವೆ ಇರುವುದು ಕಂಪನಿಯ ಕಚೇರಿಯಲ್ಲಿ. ನ್ಯಾಯದ ಮಾತು ಬಂದಾಗಲೆಲ್ಲ ನಾವು ಹಣದ ಪಾಲನ್ನೇ ಲೆಕ್ಕ ಹಾಕುತ್ತೇವೆ. ಅಳತೆಗೋಲು ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ.

ಹಣದ ಪಾಲೂ ಅಲ್ಲಿ ಬಂದಿದೆ. ಆ ಬಯಲಿನ ಎರಡು ಕಂಪನಿಗಳಲ್ಲಿ ಒಂದು 2016ರಲ್ಲಿ ಅಟಕಾಮ ಜನರ ಮಂಡಳಿಯೊಂದಿಗೆ ಒಪ್ಪಂದ ಮಾಡಿಕೊಂಡು, ವಾರ್ಷಿಕ ಮಾರಾಟದ ಶೇ. 3.5ರಷ್ಟನ್ನು ಕೊಡಲು ಒಪ್ಪಿತು. ಲಾಭದಲ್ಲಲ್ಲ, ಮಾರಾಟದಲ್ಲಿ. ಈ ವ್ಯತ್ಯಾಸ ಸಣ್ಣದಲ್ಲ. ಲಾಭವನ್ನು ಲೆಕ್ಕಪತ್ರದಲ್ಲಿ ಕರಗಿಸಬಹುದು, ಮಾರಾಟವನ್ನು ಅಷ್ಟು ಸುಲಭಕ್ಕೆ ಬಚ್ಚಿಡಲಾಗದು. ಸಮುದಾಯದವರು ತಮ್ಮದೇ ನೀರಿನ ನಿಗಾ ಘಟಕ ಕಟ್ಟಿಕೊಳ್ಳಲು ಹೊರಟಿದ್ದು ನನ್ನ ದೃಷ್ಟಿಯಲ್ಲಿ ಆ ಹಣಕ್ಕಿಂತ ದೊಡ್ಡ ಹೆಜ್ಜೆ. ಆದರೂ ಇದನ್ನು ಸುಖಾಂತ್ಯ ಎನ್ನಲಾರೆ. ಹಣ ಬಂದ ಮೇಲೆ ಊರುಗಳ ನಡುವೆ, ಒಂದೇ ಊರಿನ ಒಳಗೆ ಬಿರುಕುಗಳೂ ಬಂದವು. ಅಲ್ಲದೆ ಈ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಉಪ್ಪುನೀರು ಎತ್ತಲು ಶುರುವಾಗಿ ಮೂವತ್ತು ವರ್ಷ ದಾಟಿದ ಮೇಲೆ.

ಗಡಿಯ ಆಚೆ, ಅರ್ಜೆಂಟೀನಾದಲ್ಲಿ, ಸಲಿನಾಸ್ ಗ್ರಾಂದೆಸ್ ಎಂಬ ಉಪ್ಪಿನ ಬಯಲಿನ ಸುತ್ತಲಿನ ಸಮುದಾಯಗಳು ಕಂಪನಿ ಬರುವವರೆಗೆ ಕಾಯಲಿಲ್ಲ. ನಮ್ಮನ್ನು ಕೇಳುವುದಾದರೆ ಹೀಗೆ ಕೇಳಿ, ಇಂಥ ಭಾಷೆಯಲ್ಲಿ, ಇಷ್ಟು ಸಮಯ ಕೊಟ್ಟು, ಇಂಥ ಸಭೆಯಲ್ಲಿ ಎಂದು ತಾವೇ ಒಂದು ನಿಯಮಾವಳಿ ಬರೆದು 2015ರಲ್ಲಿ ಮುಂದಿಟ್ಟರು. ಅದರ ಹೆಸರು ಕಾಚಿ ಯೂಪಿ, ಅಂದರೆ ಉಪ್ಪಿನ ಹೆಜ್ಜೆಗುರುತು. ಅದೇ ದೇಶದ ಕಟಮಾರ್ಕಾ ಪ್ರಾಂತ್ಯದ ಉನ್ನತ ನ್ಯಾಯಾಲಯ 2024ರ ಮಾರ್ಚಿನಲ್ಲಿ ಒಂಬ್ರೆ ಮುಯೆರ್ತೊ ಬಯಲಿನಲ್ಲಿ ಹೊಸ ಲಿಥಿಯಂ ಅನುಮತಿಗಳಿಗೆ ತಡೆ ಕೊಟ್ಟಿತು. ಕಾರಣ ಸರಳ: ಪ್ರತಿ ಯೋಜನೆಯೂ ತನ್ನೊಬ್ಬನ ಪರಿಣಾಮದ ವರದಿ ಮಾತ್ರ ಕೊಡುತ್ತಿತ್ತು, ಎಲ್ಲ ಸೇರಿ ನೀರಿಗೆ ಏನು ಮಾಡುತ್ತವೆ ಎಂಬ ಒಟ್ಟು ಅಧ್ಯಯನ ಆಗಿರಲಿಲ್ಲ. ಟ್ರಾಪಿಚೆ ಎಂಬ ನದಿಯ ತಗ್ಗು ಅಷ್ಟು ಹೊತ್ತಿಗೆ ಒಣಗಿತ್ತು.

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕೊಲ್ವೇಜಿಯ ಕಥೆ ಬೇರೆ. ಜಗತ್ತಿನ ಗಣಿ ಕೋಬಾಲ್ಟ್‌ನಲ್ಲಿ ಶೇ. 70ಕ್ಕೂ ಹೆಚ್ಚು ಈ ಒಂದೇ ದೇಶದಿಂದ ಬರುತ್ತದೆ. ಬಹುಪಾಲು ದೊಡ್ಡ ಯಂತ್ರಗಳ ಗಣಿಯದ್ದು, ಉಳಿದದ್ದು ಕೈಯಲ್ಲಿ ಅಗೆಯುವವರದ್ದು. ಅವರನ್ನು ಅಲ್ಲಿ ಫ್ರೆಂಚ್‌ನಲ್ಲಿ ಕ್ರೊಸರ್‌ಗಳು, ಅಂದರೆ ಅಗೆಯುವವರು, ಎನ್ನುತ್ತಾರೆ. ಕೊಲ್ವೇಜಿ ಪಟ್ಟಣದಲ್ಲಿ ಕಸೂಲೋ ಎಂಬ ಬಡಾವಣೆಯಿದೆ. 2014ರಲ್ಲಿ ಅಲ್ಲೊಬ್ಬರು ತಮ್ಮ ಮನೆಯ ಜಾಗ ಅಗೆಯುತ್ತಿದ್ದಾಗ ಕಪ್ಪನೆಯ ಕೋಬಾಲ್ಟ್ ಅದಿರು ಸಿಕ್ಕಿತು. ಸುದ್ದಿ ಹಬ್ಬಿದ್ದೇ ತಡ, ಜನ ತಮ್ಮ ತಮ್ಮ ಮನೆಯ ನೆಲವನ್ನೇ ಒಡೆದು ಕೆಳಗಿಳಿದರು. ಅಡುಗೆಮನೆಯ ಪಕ್ಕ ಬಾವಿಯಂಥ ಗುಂಡಿ, ಅದರ ತಳದಿಂದ ಅಡ್ಡ ಸುರಂಗ, ಮೇಲೆ ಪ್ಲಾಸ್ಟಿಕ್ ಹಾಳೆಯ ಮರೆ. ಆಧಾರದ ಕಂಬವಿಲ್ಲ, ಗಾಳಿ ಆಡುವ ದಾರಿ ಇಲ್ಲ. 2017ರಲ್ಲಿ ನೂರಾರು ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿ, ಜಾಗಕ್ಕೆ ಬೇಲಿ ಹಾಕಿ, ಅದಿರು ಕೊಳ್ಳುವ ಹಕ್ಕನ್ನು ಒಂದೇ ಕಂಪನಿಗೆ ಕೊಟ್ಟರು.

ಅಗೆದವನಿಗೆ ಎಷ್ಟು ಸಿಗುತ್ತದೆ ಎಂಬುದು ನಿರ್ಧಾರವಾಗುವುದು ಅದಿರಿನ ಮಂಡಿಯಲ್ಲಿ. ಚೀಲ ಹೊತ್ತು ತಂದವನ ಮುಂದೆ ವ್ಯಾಪಾರಿ ಕೈಯಲ್ಲಿ ಹಿಡಿಯುವ ಒಂದು ಎಕ್ಸ್‌ರೇ ಯಂತ್ರವನ್ನು ಅದಿರಿಗೆ ಹಿಡಿಯುತ್ತಾನೆ, ಅದರಲ್ಲಿ ಕೋಬಾಲ್ಟ್ ಶೇಕಡಾ ಎಷ್ಟೆಂದು ಸಂಖ್ಯೆ ಮೂಡುತ್ತದೆ, ಆ ಸಂಖ್ಯೆಯ ಮೇಲೆ ದರ. ಯಂತ್ರ ವ್ಯಾಪಾರಿಯದು, ತಕ್ಕಡಿಯೂ ಅವನದೇ. ಸಂಖ್ಯೆ ಕಡಿಮೆ ತೋರಿಸುತ್ತಾರೆ ಎಂಬುದು ಅಗೆಯುವವರ ಬಹಳ ಹಳೆಯ ದೂರು. ಅಟಕಾಮದ ನೀರಿನ ಕೊಳವೆಗೂ ಈ ಯಂತ್ರಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

2016ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎಂಬ ಮಾನವ ಹಕ್ಕುಗಳ ಸಂಸ್ಥೆ ಈ ಗುಂಡಿಗಳಲ್ಲಿ ಮಕ್ಕಳು ದುಡಿಯುವುದನ್ನು ಬಯಲಿಗೆ ತಂದಿತು. ಮಕ್ಕಳು ಅದಿರು ಹೊರಬಾರದು, ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಆದರೆ ಆ ಸುದ್ದಿಗೆ ಎಷ್ಟೋ ಕೊಳ್ಳುಗ ಕಂಪನಿಗಳು ಕಂಡುಕೊಂಡ ಪರಿಹಾರ ಬೇರೆಯೇ ಆಗಿತ್ತು: ಕೈಯಿಂದ ಅಗೆದ ಕೋಬಾಲ್ಟ್ ನಮಗೆ ಬೇಡವೇ ಬೇಡ ಎಂದರು. ಹೀಗೆ ಮಾಡಿದರೆ ಕಂಪನಿಯ ಹೆಸರಿಗೆ ಅಂಟಿದ ಮಸಿ ಹೋಗುತ್ತದೆ, ಅಗೆಯುವವನ ಹೊಟ್ಟೆಪಾಡು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಅವನು ಅದೇ ಗುಂಡಿಗೆ ಇಳಿಯುತ್ತಾನೆ, ಅದೇ ಅದಿರನ್ನು ಇನ್ನೂ ಅಗ್ಗಕ್ಕೆ, ಕದ್ದುಮುಚ್ಚಿ ಮಾರುತ್ತಾನೆ. ಗಣಿಯ ಗೋಡೆಗೆ ಆಸರೆ, ತಲೆಗೆ ಹೆಲ್ಮೆಟ್, ಸರಿಯಾದ ತಕ್ಕಡಿ, ಮಕ್ಕಳಿಗೆ ಶಾಲೆಯ ಶುಲ್ಕ ಕಟ್ಟುವಷ್ಟು ದರ ಕೊಡುವುದು ಕಷ್ಟದ ದಾರಿ. ನ್ಯಾಯ ಇರುವುದು ಆ ದಾರಿಯಲ್ಲೇ.

ಕಾಂಗೋದ ಕಾನೂನು ಕೆಟ್ಟದ್ದಲ್ಲ, ಇದನ್ನು ಒತ್ತಿ ಹೇಳಬೇಕು. 2018ರ ಗಣಿ ಕಾಯ್ದೆಯ ಪ್ರಕಾರ ರಾಜಧನದ ಶೇ. 50 ಕೇಂದ್ರಕ್ಕೆ, ಶೇ. 25 ಪ್ರಾಂತ್ಯಕ್ಕೆ, ಶೇ. 15 ಗಣಿ ಇರುವ ಸ್ಥಳೀಯ ಆಡಳಿತಕ್ಕೆ, ಶೇ. 10 ಮುಂದಿನ ಪೀಳಿಗೆಯ ನಿಧಿಗೆ ಹೋಗಬೇಕು. ಜೊತೆಗೆ ಕಂಪನಿಯ ವಹಿವಾಟಿನ ಶೇ. 0.3 ಸಮುದಾಯದ ಅಭಿವೃದ್ಧಿಗೆ. ಕೋಬಾಲ್ಟ್ ಮೇಲಿನ ರಾಜಧನವನ್ನು ಶೇ. 10ಕ್ಕೆ ಏರಿಸಿದರು. ಹೀಗೆ ಬರೆದಿಟ್ಟ ಹಣ ಹಳ್ಳಿಯ ಬೋರ್‌ವೆಲ್ ತನಕ ತಲುಪಬೇಕಾದರೆ ಹಳ್ಳಿಯವರಿಗೆ ಎಷ್ಟು ಬಂತು, ಯಾರ ಖಾತೆಗೆ ಬಂತು ಎಂಬ ಲೆಕ್ಕ ಕೇಳುವ ಬಲ ಇರಬೇಕು.

ಇಂಡೋನೇಷ್ಯಾದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಜಗತ್ತಿನ ನಿಕಲ್‌ನ ಅರ್ಧಕ್ಕಿಂತ ಹೆಚ್ಚು ಈಗ ಅಲ್ಲಿಂದ ಬರುತ್ತದೆ. ಕಚ್ಚಾ ಅದಿರು ಹೊರಗೆ ಕಳಿಸಿ ಬಡವರಾಗಿ ಉಳಿಯುವುದು ಸಾಕು, ಕರಗಿಸುವ ಕೆಲಸವೂ ಇಲ್ಲೇ ಆಗಲಿ ಎಂದು ಅವರು 2020ರ ಜನವರಿಯಲ್ಲಿ ಅದಿರಿನ ರಫ್ತು ನಿಲ್ಲಿಸಿದರು. ಆ ಹಟ ನನಗೆ ಸರಿಯೆನಿಸುತ್ತದೆ. ವಸಾಹತು ಕಾಲದಿಂದ ನಡೆದುಬಂದ ಲೂಟಿಯ ಬೇರಿಗೆ ಅದು ಕೈ ಹಾಕಿತು. ಆದರೆ ದೇಶಕ್ಕೆ ಬಂದ ಲಾಭವೆಲ್ಲ ಹಳ್ಳಿಗೆ ಬಂದ ಲಾಭವಲ್ಲ. ಸುಲಾವೇಸಿ ದ್ವೀಪದ ಮೊರೊವಾಲಿಯಲ್ಲಿ, ಹಲ್ಮಹೇರಾ ದ್ವೀಪದ ವೇಡಾ ಕೊಲ್ಲಿಯಲ್ಲಿ ಎದ್ದುನಿಂತ ಕುಲುಮೆಗಳು ತಮ್ಮದೇ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಂದ ಉರಿಯುತ್ತವೆ. ಹೊಗೆ ಕಡಿಮೆ ಮಾಡಲೆಂದು ಕೊಳ್ಳುವ ಬ್ಯಾಟರಿಯ ನಿಕಲ್ ಹೊಗೆಯಲ್ಲೇ ಹುಟ್ಟುತ್ತಿದೆ. ಮಣ್ಣು ಕೆರೆದ ಗುಡ್ಡಗಳಿಂದ ಮಳೆಗಾಲದಲ್ಲಿ ಕೆಂಪು ನೀರು ಕಡಲಿಗಿಳಿದಾಗ ಬಲೆ ಬೀಸುವವರ ಕೆಲಸ ಕೆಡುತ್ತದೆ. 2023ರ ಡಿಸೆಂಬರ್ 24ರಂದು ಮೊರೊವಾಲಿಯ ಕುಲುಮೆಯೊಂದರಲ್ಲಿ ನಡೆದ ಸ್ಫೋಟದಲ್ಲಿ 21 ಕಾರ್ಮಿಕರು ಸತ್ತರು.

ಇನ್ನು ಒಪ್ಪಿಗೆಯ ಪ್ರಶ್ನೆಗೆ ಬರುತ್ತೇನೆ. ಗಣಿಗಾರಿಕೆಯ ವ್ಯವಹಾರದಲ್ಲಿ ಎರಡು ಬೇರೆ ವಿಷಯಗಳನ್ನು ಬೇಕೆಂದೇ ಕಲಸಿಬಿಡುತ್ತಾರೆ. ಅಹವಾಲು ಸಭೆ ನಡೆಸುವುದು ಒಂದು, ಒಪ್ಪಿಗೆ ಪಡೆಯುವುದು ಇನ್ನೊಂದು. ಅಹವಾಲು ಸಭೆಯಲ್ಲಿ ವೇದಿಕೆ ಇರುತ್ತದೆ, ಮೈಕು ಇರುತ್ತದೆ, ಪೊಲೀಸರು ಇರುತ್ತಾರೆ, ಜನ ಮಾತಾಡುತ್ತಾರೆ, ಅಧಿಕಾರಿ ಬರೆದುಕೊಳ್ಳುತ್ತಾನೆ, ಗಣಿ ನಡೆಯುತ್ತದೆ. ಒಪ್ಪಿಗೆಯೆಂದರೆ ಜನ ಬೇಡವೆಂದರೆ ಗಣಿ ನಡೆಯಬಾರದು. ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ 2007ರ ಸೆಪ್ಟೆಂಬರ್ 13ರಂದು 144 ದೇಶಗಳು ಮತ ಕೊಟ್ಟವು. ಒತ್ತಾಯವಿಲ್ಲದೆ, ಮುಂಚಿತವಾಗಿ, ಎಲ್ಲ ಮಾಹಿತಿ ಕೊಟ್ಟು ಪಡೆದ ಒಪ್ಪಿಗೆ ಎಂಬ ತತ್ವ ಅದರಲ್ಲಿದೆ. ಆ ದಿನ ವಿರುದ್ಧ ಮತ ಹಾಕಿದ ನಾಲ್ಕು ದೇಶಗಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ನಂತರ ನಾಲ್ಕೂ ಒಪ್ಪಿಕೊಂಡವು, ಅದು ಬೇರೆ ಮಾತು.

ಬೇಡ ಎಂಬ ಉತ್ತರಕ್ಕೆ ನಿಜಕ್ಕೂ ಬೆಲೆ ಸಿಕ್ಕ ಉದಾಹರಣೆ ಒಡಿಶಾದ ನಿಯಮಗಿರಿ. ಅಲ್ಲಿನ ಬೆಟ್ಟದಲ್ಲಿ ಬಾಕ್ಸೈಟ್ ಇದೆ, ಬೆಟ್ಟವೇ ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರ ದೈವ. ನಿರ್ಧಾರ ಗ್ರಾಮಸಭೆಗಳದ್ದು ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಆ ವರ್ಷದ ಜುಲೈ, ಆಗಸ್ಟ್‌ನಲ್ಲಿ 12 ಗ್ರಾಮಸಭೆಗಳು ಸೇರಿದವು. ಹನ್ನೆರಡೂ ಬೇಡವೆಂದವು. ಗಣಿ ನಿಂತಿತು. ಕೇಳಿದ್ದು ಮೊದಲು, ಅಗೆಯುವ ಮಾತು ಆಮೇಲೆ, ಉತ್ತರ ಕೊಟ್ಟವರು ಆ ಬೆಟ್ಟದವರೇ. ಇಷ್ಟು ಸರಿಯಾದ ಕ್ರಮದಲ್ಲಿ ನಡೆದ ಇನ್ನೊಂದು ಪ್ರಕರಣ ಹುಡುಕಲು ಬಹಳ ಕಷ್ಟಪಡಬೇಕು.

ಇದರ ಎದುರು ಆಸ್ಟ್ರೇಲಿಯಾದ ಜೂಕನ್ ಕಣಿವೆಯನ್ನು ಇಟ್ಟು ನೋಡಿ. 46,000 ವರ್ಷಗಳ ಮನುಷ್ಯ ವಾಸದ ಕುರುಹು ಇದ್ದ ಕಲ್ಲಾಸರೆಗಳನ್ನು 2020ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿಗಾಗಿ ಸಿಡಿಸಿದರು. ಅದು ಕಾನೂನುಬಾಹಿರವಾಗಿರಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ 1972ರ ಕಾಯ್ದೆಯಡಿ ಕಂಪನಿಯ ಬಳಿ ಅನುಮತಿ ಇತ್ತು. ಅನುಮತಿ ಪತ್ರ ಇದೆ ಎಂದ ಮಾತ್ರಕ್ಕೆ ನೆಲದ ಜನರ ಒಪ್ಪಿಗೆ ಇದೆ ಎಂದಾಗುವುದಿಲ್ಲ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ: ಒಪ್ಪಿಗೆ ಒಂದು ದಿನದ ಸಹಿಯಲ್ಲಿ ಮುಗಿಯುವುದಿಲ್ಲ. ಪೆರುವಿನ ಲಾಸ್ ಬಾಂಬಾಸ್ ಜಗತ್ತಿನ ದೊಡ್ಡ ತಾಮ್ರದ ಗಣಿಗಳಲ್ಲೊಂದು. ಮೂಲ ಯೋಜನೆಯಲ್ಲಿ ಅದಿರನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಕೊಳವೆಯಲ್ಲಿ ಸಾಗಿಸುವುದೆಂದಿತ್ತು. ಊರಿನವರು ಕೇಳಿಸಿಕೊಂಡದ್ದು ಆ ಕೊಳವೆಯ ಯೋಜನೆ. ಗಣಿಯ ಮಾಲೀಕತ್ವ 2014ರಲ್ಲಿ ಬದಲಾಯಿತು, ಕೊಳವೆ ಹೋಯಿತು, ಮಣ್ಣುರಸ್ತೆಯ ಮೇಲೆ ಲಾರಿಗಳು ಬಂದವು. ಹಗಲೂ ರಾತ್ರಿ ನೂರಾರು ಲಾರಿಗಳು. ರಸ್ತೆ ಬದಿಯ ಹಳ್ಳಿಗಳಲ್ಲಿ ಧೂಳು ಬೆಳೆಯ ಮೇಲೆ, ಧೂಳು ಒಣಹಾಕಿದ ಬಟ್ಟೆಯ ಮೇಲೆ, ಸದ್ದಿಗೆ ನಿದ್ದೆಯಿಲ್ಲ. ಈ ಹಳ್ಳಿಗಳು ಗಣಿಯಿಂದ ದೂರ ಇದ್ದುದರಿಂದ ಪರಿಹಾರದ ಪಟ್ಟಿಯಲ್ಲೂ ಅವು ಇರಲಿಲ್ಲ. ಜನ ರಸ್ತೆಗೆ ಅಡ್ಡ ಕೂತರು. ಗಣಿ ಶುರುವಾದಾಗಿನಿಂದ ಎಲ್ಲ ಸೇರಿ ನೂರಾರು ದಿನ ಆ ರಸ್ತೆ ಬಂದ್ ಆಗಿದೆ. ಕಾಗದದ ಮೇಲೆ ಸಣ್ಣ ತಾಂತ್ರಿಕ ತಿದ್ದುಪಡಿಯಾಗಿದ್ದದ್ದು ರಸ್ತೆ ಬದಿಯವರಿಗೆ ಬದುಕನ್ನೇ ಬುಡಮೇಲು ಮಾಡಿದ ಬದಲಾವಣೆಯಾಗಿತ್ತು. ಯೋಜನೆ ಬದಲಾದರೆ ಮತ್ತೆ ಕೇಳಬೇಕು.

ಈಗ ಎಲ್ಲ ಕಡೆ ಒಂದೇ ಮಾತು: ಸಮಯವಿಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ತಂದ ಕಾಯ್ದೆಯಲ್ಲಿ, ಆಯಕಟ್ಟಿನದು ಎಂದು ಹೆಸರಿಸಿದ ಗಣಿ ಯೋಜನೆಗೆ 27 ತಿಂಗಳೊಳಗೆ ಅನುಮತಿ ಕೊಟ್ಟು ಮುಗಿಸಬೇಕೆಂದಿದೆ. ಭಾರತದ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಅಣು ಖನಿಜಗಳ (ಯುರೇನಿಯಂನಂಥವು) ಮತ್ತು ನಿರ್ಣಾಯಕ ಖನಿಜಗಳ (ಲಿಥಿಯಂ, ಕೋಬಾಲ್ಟ್‌ನಂಥವು) ಗಣಿಗಳಿಗೆ ಸಾರ್ವಜನಿಕ ಅಹವಾಲಿನಿಂದಲೇ ವಿನಾಯಿತಿ ಕೊಟ್ಟಿತು. ಅಹವಾಲು ಸಭೆ ಒಪ್ಪಿಗೆಗೆ ಸಮವಲ್ಲ ಎಂದು ಈಗಷ್ಟೇ ಹೇಳಿದೆ. ಆದರೆ ಆ ಸಭೆಯೂ ಇಲ್ಲದಿದ್ದರೆ ಊರಿನವರಿಗೆ ಗಣಿಯ ಸುದ್ದಿ ಮೊದಲು ತಿಳಿಯುವುದು ಡ್ರಿಲ್ಲಿಂಗ್ ಲಾರಿ ಬಂದಾಗ.

ಅವಸರದಿಂದ ಸಮಯ ಉಳಿಯುತ್ತದೆ ಎಂಬ ನಂಬಿಕೆಯೇ ತಪ್ಪು ಎಂಬುದು ನನ್ನ ವಾದ. ಪನಾಮಾದಲ್ಲಿ ದೊಡ್ಡ ತಾಮ್ರದ ಗಣಿಯೊಂದಕ್ಕೆ 2023ರ ಅಕ್ಟೋಬರ್‌ನಲ್ಲಿ ತರಾತುರಿಯಲ್ಲಿ ಹೊಸ ಒಪ್ಪಂದ ಮಂಜೂರಾಯಿತು. ಇಡೀ ದೇಶ ಬೀದಿಗಿಳಿಯಿತು. ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆ ಒಪ್ಪಂದವೇ ಸಂವಿಧಾನಬಾಹಿರ ಎಂದಿತು, ದೇಶದ ಒಟ್ಟು ಉತ್ಪನ್ನದ ಸುಮಾರು ಶೇ. 5ರಷ್ಟಿದ್ದ ಗಣಿಗೆ ಬೀಗ ಬಿತ್ತು. ನಾರ್ವೆಯಲ್ಲಿ ಗಣಿಯಲ್ಲ, ಗಾಳಿಯಂತ್ರ: ಫೋಸೆನ್ ಪ್ರದೇಶದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರು ಹಿಮಸಾರಂಗ ಮೇಯಿಸುವ ನೆಲದ ಮೇಲೆ, ಮೊಕದ್ದಮೆ ನಡೆಯುತ್ತಿದ್ದಾಗಲೇ ಗಾಳಿಯಂತ್ರಗಳನ್ನು ನಿಲ್ಲಿಸಿಬಿಟ್ಟರು. ಆ ಪರವಾನಗಿ ಸಾಮಿಗಳ ಹಕ್ಕಿನ ಉಲ್ಲಂಘನೆ ಎಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ರಾಜಿಯಾಗಲು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು. ನಿಕ್ಷೇಪ ಸಿಕ್ಕ ದಿನದಿಂದ ಉತ್ಪಾದನೆ ಶುರುವಾಗಲು ಗಣಿಗಳಿಗೆ ಸರಾಸರಿ 16 ವರ್ಷ ಹಿಡಿದಿದೆ. ಅಷ್ಟು ಉದ್ದದ ಕೆಲಸದಲ್ಲಿ ಹಳ್ಳಿಯ ಜೊತೆ ಕೂತು ಮಾತಾಡಲು ಎರಡು ವರ್ಷ ಇಲ್ಲವೆಂದರೆ ಕೊರತೆ ಇರುವುದು ಸಮಯದ್ದಲ್ಲ.

ಒಳ್ಳೆಯ ಒಪ್ಪಂದ ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆನಡಾದ ಕ್ವಿಬೆಕ್‌ನ ಉತ್ತರ ತುದಿಯಲ್ಲಿ ರಾಗ್ಲನ್ ಎಂಬ ನಿಕಲ್ ಗಣಿಯಿದೆ. ಅದಿರು ತೆಗೆಯುವ ಮೊದಲು, 1995ರಲ್ಲೇ, ಇನ್ಯುಯಿಟ್ ಮೂಲನಿವಾಸಿ ಸಮುದಾಯಗಳೊಂದಿಗೆ ಸಹಿಯಾದ ಒಪ್ಪಂದದಲ್ಲಿ ಹಾಕಿದ ಬಂಡವಾಳ ಮರಳಿದ ನಂತರ ಲಾಭದಲ್ಲಿ ಶೇ. 4.5 ಪಾಲು, ಕೆಲಸದಲ್ಲಿ, ಗುತ್ತಿಗೆಗಳಲ್ಲಿ ಸ್ಥಳೀಯರಿಗೆ ಆದ್ಯತೆ, ಎರಡೂ ಕಡೆಯವರು ಕೂರುವ ಸಮಿತಿ ಎಲ್ಲ ಇತ್ತು. ಕೊರತೆಗಳು ಅಲ್ಲೂ ಇವೆ. ಆದರೆ ಮೊದಲು ಮಾತು, ಆಮೇಲೆ ಗಣಿ ಎಂಬ ಕ್ರಮ ತಪ್ಪಲಿಲ್ಲ. ಇಂಥ ಒಪ್ಪಂದಗಳು ಗುಟ್ಟಾಗಿ ಉಳಿಯಬಾರದು. ಗಣಿ ಪಾರದರ್ಶಕತೆಯ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯ ದೇಶಗಳು 2021ರ ಜನವರಿ 1ರ ನಂತರದ ಗಣಿ ಒಪ್ಪಂದಗಳನ್ನು ಬಹಿರಂಗಪಡಿಸಲೇಬೇಕು ಎಂಬ ನಿಯಮವಿದೆ. ಆ ಒಪ್ಪಂದ ಊರಿನ ಭಾಷೆಯಲ್ಲಿ ಊರಿನ ಕೈಗೆ ಸಿಗುವಂತಾಗಬೇಕು. ಊರಿನ ಪರವಾಗಿ ಅದನ್ನು ಓದಿ ಹೇಳುವ ವಕೀಲರ, ನೀರಿನ ತಜ್ಞರ ಖರ್ಚು ಯೋಜನೆಯಿಂದ ಬರಬೇಕು, ಆದರೆ ಆರಿಸುವ ಹಕ್ಕು ಊರಿನದಾಗಿರಬೇಕು.

ತ್ಯಾಜ್ಯದ ಬಗ್ಗೆ ಹೇಳದೆ ಮುಗಿಸಲಾರೆ. ತಾಮ್ರದ ಅದಿರಿನಲ್ಲಿ ತಾಮ್ರ ಇರುವುದು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಉಳಿದದ್ದೆಲ್ಲ ಕೆಸರಾಗಿ ಕಟ್ಟೆಯ ಹಿಂದೆ ನಿಲ್ಲುತ್ತದೆ, ಗಣಿ ಮುಚ್ಚಿದ ಮೇಲೂ ನಿಂತೇ ಇರುತ್ತದೆ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಕಬ್ಬಿಣದ ಗಣಿಯ ಇಂಥ ಕಟ್ಟೆ ಒಡೆದು 270 ಜನ ಸತ್ತರು. ಕಟ್ಟೆಯ ಕೆಳಗೇ ಕಾರ್ಮಿಕರ ಊಟದ ಕ್ಯಾಂಟೀನ್ ಇತ್ತು. ಜಾಂಬಿಯಾದಲ್ಲಿ 2025ರ ಫೆಬ್ರುವರಿ 18ರಂದು ತಾಮ್ರದ ಗಣಿಯೊಂದರ ಕಟ್ಟೆ ಒಡೆದು ಆಮ್ಲದ ನೀರು ಕಫುಯೆ ನದಿಗೆ ಸೇರಿತು, ಮೀನು ಸತ್ತು ತೇಲಿದವು, ಕಿಟ್ವೆ ನಗರದ ನಲ್ಲಿ ನೀರು ನಿಲ್ಲಿಸಬೇಕಾಯಿತು. ಕಟ್ಟೆಯ ಕೆಳಗೆ ಯಾರಿದ್ದಾರೆ ಎಂಬುದು ಗಣಿಯ ಗುತ್ತಿಗೆ ಕೊಡುವ ದಿನವೇ ಗೊತ್ತಿರುತ್ತದೆ.

ಸಭೆಯಲ್ಲಿ ಒಬ್ಬ ಯುವಕರು ಎದ್ದು ಕೇಳಿದರು: ಎಲ್ಲ ಊರಿನವರೂ ಬೇಡವೆಂದರೆ ಬ್ಯಾಟರಿಗೆ ಏನು ಮಾಡುವುದು?

ಕೇಳಬೇಕಾದ ಪ್ರಶ್ನೆಯೇ. ಮೊದಲನೆಯದಾಗಿ, ಎಲ್ಲರೂ ಬೇಡವೆನ್ನುವುದಿಲ್ಲ. ಎಷ್ಟೋ ಊರುಗಳಿಗೆ ಕೆಲಸ ಬೇಕು, ರಸ್ತೆ ಬೇಕು, ಆಸ್ಪತ್ರೆ ಬೇಕು, ನೀರು ಉಳಿಯುತ್ತದೆ ಎಂಬ ಖಾತ್ರಿ ಕೊಟ್ಟರೆ ಅವರು ಮಾತುಕತೆಗೆ ಕೂರುತ್ತಾರೆ. ಬೇಡವೆಂದ ಊರನ್ನು ಬಿಡುವ ನಿಯಮವಿದ್ದರೆ ಮಾತ್ರ ಒಪ್ಪಿದ ಊರಿನ ಒಪ್ಪಿಗೆಗೂ ಅರ್ಥ. ಎರಡನೆಯದಾಗಿ, ಇಷ್ಟೇ ಲೋಹ ಬೇಕು ಎಂಬುದು ವಿಧಿಲಿಖಿತವಲ್ಲ. ಕೋಬಾಲ್ಟ್, ನಿಕಲ್ ಎರಡೂ ಇಲ್ಲದ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳು ಕೆಲವೇ ವರ್ಷಗಳ ಹಿಂದೆ ಮೂಲೆಯಲ್ಲಿದ್ದವು. 2024ರಲ್ಲಿ ಜಗತ್ತಿನ ವಿದ್ಯುತ್ ಕಾರುಗಳ ಬ್ಯಾಟರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಅವೇ. ಹಳೆಯ ಬ್ಯಾಟರಿಯಿಂದ 2031ರ ಹೊತ್ತಿಗೆ ಶೇ. 80ರಷ್ಟು ಲಿಥಿಯಂ, ಶೇ. 95ರಷ್ಟು ಕೋಬಾಲ್ಟ್, ನಿಕಲ್, ತಾಮ್ರ ಮರಳಿ ತೆಗೆಯಲೇಬೇಕೆಂದು ಯುರೋಪಿನ 2023ರ ಕಾನೂನು ಕಡ್ಡಾಯ ಮಾಡಿದೆ. ಎರಡು ಟನ್ ತೂಕದ ಕಾರಿನಲ್ಲಿ ಒಬ್ಬರೇ ಕೂತು ಹೋಗುವುದನ್ನು ಹಸಿರು ಎಂದು ಕರೆಯುವುದೂ ನಿಲ್ಲಬೇಕು. ಅದೇ ಲೋಹದಲ್ಲಿ ಬಸ್ಸು ಓಡಿದರೆ ಅದೆಷ್ಟೋ ಜನ ಸಾಗುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ನಾವು ಕೋಬಾಲ್ಟ್ ಬಿಟ್ಟೆವೆಂದು ಸಂಭ್ರಮಿಸುವ ದಿನ ಕೊಲ್ವೇಜಿಯಲ್ಲಿ ದರ ಬೀಳುತ್ತದೆ. ಅಲ್ಲಿನವರಿಗೆ ಬೇರೆ ಕಸುಬು ಹುಟ್ಟುವ ವ್ಯವಸ್ಥೆ ಗಣಿ ನಡೆಯುತ್ತಿರುವಾಗಲೇ, ಆ ರಾಜಧನದ ಹಣದಿಂದಲೇ ಆಗಬೇಕು.

ಹಿರಿಯರೊಬ್ಬರ ಪ್ರಶ್ನೆ ಇನ್ನೂ ನೇರವಾಗಿತ್ತು: ಒಪ್ಪಂದ ಮಾಡಿಕೊಳ್ಳುವ ಊರು ಒಂದೇ ಒಂದು ಷರತ್ತು ಹಾಕಬಹುದಾದರೆ ಯಾವುದು ಹಾಕಬೇಕು?

ಗಣಿ ಮುಚ್ಚುವ ಖರ್ಚನ್ನು ಮೊದಲೇ, ಪೂರ್ತಿ, ಕಂಪನಿಯ ಕೈಗೆ ಸಿಗದ ಖಾತೆಯಲ್ಲಿ ಇಡಿಸಿಕೊಳ್ಳಬೇಕು ಎಂದೆ. ಏಕೆಂದರೆ ಪಾಂಗುನಾ ಎಂಬ ಹೆಸರು ನನ್ನ ತಲೆಯಿಂದ ಹೋಗುವುದಿಲ್ಲ. ಪಪುವಾ ನ್ಯೂಗಿನಿಗೆ ಸೇರಿದ ಬೋಗನ್‌ವಿಲ್ ದ್ವೀಪದಲ್ಲಿ 1972ರಿಂದ 1989ರವರೆಗೆ ಆ ತಾಮ್ರದ ಗಣಿ ನಡೆಯಿತು. ನೂರು ಕೋಟಿ ಟನ್‌ಗೂ ಹೆಚ್ಚು ತ್ಯಾಜ್ಯವನ್ನು ಕವೆರಾಂಗ್, ಜಾಬಾ ನದಿಗಳ ಕಣಿವೆಗೆ ಸುರಿದರು. ನೆಲದ ಒಡೆಯರು ಪರಿಹಾರಕ್ಕಾಗಿ ಬೇಡಿ ಬೇಡಿ ಸಾಕಾಗಿ 1988ರಲ್ಲಿ ಗಣಿಯ ವಿದ್ಯುತ್ ಕಂಬಗಳನ್ನು ಸಿಡಿಸಿದರು. ಅವರ ನಾಯಕ ಫ್ರಾನ್ಸಿಸ್ ಓನಾ ಅದೇ ಗಣಿಯಲ್ಲಿ ಸರ್ವೇಯರ್ ಆಗಿದ್ದವರು. ಮುಂದಿನ ಹತ್ತು ವರ್ಷ ನಡೆದ ಯುದ್ಧದಲ್ಲಿ 20,000ದಷ್ಟು ಜನ ಸತ್ತಿರಬಹುದೆಂಬ ಅಂದಾಜಿದೆ. ಗಣಿಯ ಮೂಲ ಕಂಪನಿ 2016ರಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟು ಹೊರಬಂತು. 2020ರಲ್ಲಿ ಅಲ್ಲಿನ 156 ನಿವಾಸಿಗಳು ದೂರು ಕೊಟ್ಟ ಮೇಲೆ, ಮರುವರ್ಷ ಆ ಕಂಪನಿ ಹಾನಿಯ ಅಧ್ಯಯನಕ್ಕೆ ಒಪ್ಪಿತು. ಅಧ್ಯಯನದ ಮೊದಲ ಹಂತದ ವರದಿ ಬಂದಿದ್ದು 2024ರ ಡಿಸೆಂಬರ್‌ನಲ್ಲಿ, ಗಣಿ ನಿಂತು ಮೂವತ್ತೈದು ವರ್ಷಗಳಾದ ಮೇಲೆ. ಅದೂ ಹಾನಿ ಎಷ್ಟಾಗಿದೆ ಎಂದು ಹೇಳುವ ವರದಿ. ನದಿ ತೊಳೆಯುವ ಖರ್ಚು ಯಾರದು ಎಂಬ ಮಾತುಕತೆ ಶುರುವಾಗಿದ್ದೂ ಆ ಹೊತ್ತಿಗೇ.